ಪರದೆ ಆರಿಸಿ ಕೂರುವುದಕ್ಕೆ ದರವಿಲ್ಲ

ಭಾವಾ,

ಕ್ಷೇಮ ವಿಚಾರಿಸುವ ಶಾಸ್ತ್ರ ಇವತ್ತು ಬೇಡ. ನಿಮ್ಮ ಹೆಂಡತಿ ಮೊನ್ನೆಯಿಂದ ನನ್ನ ಮನೆಯಲ್ಲಿದ್ದಾಳೆ. ನೀವು ಫೋನಿನ ಮೇಲೆ ಫೋನು ಮಾಡುತ್ತಿದ್ದೀರಿ, ಅವಳು ಎತ್ತುತ್ತಿಲ್ಲ. ಯಾಕೆಂದು ನಿಜವಾಗಿಯೂ ಗೊತ್ತಾಗುತ್ತಿಲ್ಲ ಎಂದು ನಿನ್ನೆ ನನ್ನ ಹತ್ತಿರ ಹೇಳಿದಿರಲ್ಲ, ಆಗಲೇ ಮೈಯೆಲ್ಲ ಉರಿದುಹೋಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕನಿಗೆ ಕಣ್ಣು ಕಾಣುವುದಿಲ್ಲವೆಂದು ಗೊತ್ತಿದ್ದೇ ಮದುವೆಯಾದವರು ನೀವು. ಕಂಪ್ಯೂಟರಿನ ಮೇಲಿರುವುದನ್ನು ಕಿವಿಗೆ ಓದಿ ಹೇಳುವ ತಂತ್ರಾಂಶವನ್ನು ಮದುವೆಯ ಹೊಸತರಲ್ಲಿ ಅವಳಿಗೆಂದೇ ಬರೆದಿರಿ. ಅವಳೊಬ್ಬಳಿಗೇ ಯಾಕೆ ಎಂದು ಆಮೇಲೆ ಅದನ್ನು ಎಲ್ಲರ ಮುಂದೆ ಬಿಚ್ಚಿಟ್ಟಿರಿ: ಯಾರು ಬೇಕಾದರೂ ತೆಗೆದುಕೊಳ್ಳಿ, ಒಳಗೆ ಕೈ ಹಾಕಿ ತಿದ್ದಿ, ಬಿಡಿಗಾಸೂ ಕೊಡಬೇಡಿ. ಎಲ್ಲೆಲ್ಲಿಂದಲೋ ಜನ ಬಂದು ಸೇರಿಕೊಂಡರು. ಔಷಧಿ ಅಂಗಡಿಯವನೊಬ್ಬ, ಗಣಿತದ ಟೀಚರ್ ಒಬ್ಬಳು, ನಾವೆಲ್ಲ ದೊಡ್ಡಪ್ಪ ಎಂದೇ ಕರೆಯುತ್ತಿದ್ದ ನಿವೃತ್ತ ಎಂಜಿನಿಯರ್. ಉಚ್ಚಾರಣೆಯ ತಪ್ಪು ಹೆಕ್ಕುವ ಕೆಲಸ ನನ್ನ ಪಾಲಿಗೆ ಬಂತು.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಯಾರೇ ಏನೇ ಹೊಸದು ಬರೆದರೂ ಬೇರೊಬ್ಬರು ಕಂಪ್ಯೂಟರಿನ ಪರದೆ ಆರಿಸಿ, ಬರೀ ಕಿವಿಯನ್ನು ನಂಬಿ ಅರ್ಧ ದಿನ ತಮ್ಮ ಕೆಲಸ ಮಾಡಿ ನೋಡಬೇಕು. ಆಮೇಲೆಯೇ ಅದು ಹೊರಗೆ. ನೀವಂತೂ ಅಕ್ಕನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ತಡಕಾಡಿ, ಅವಳಿಂದ ಬೈಸಿಕೊಂಡು, "ಇನ್ನೊಂದ್ಸಲ, ಇನ್ನೊಂದೇ ಒಂದ್ಸಲ" ಅನ್ನುತ್ತಿದ್ದಿರಿ. ಒಮ್ಮೆ ಹಾಗೇ ತಡಕಾಡಿ, ಅಕ್ಕನಿಗೆ ಬರೆದ ಮುದ್ದಿನ ಮಾತುಗಳನ್ನು ನಿಮ್ಮ ಮೇಲಧಿಕಾರಿಗೆ ಕಳಿಸಿ ಫಜೀತಿ ಮಾಡಿಕೊಂಡಿರಿ. ಅಕ್ಕ ಬಿದ್ದು ಬಿದ್ದು ನಕ್ಕಳು. ಆ ನಗು ಕೇಳಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು.

ಆಮೇಲೆ ಬಂತು ನಿಮ್ಮ ದರಪಟ್ಟಿ. ತಂತ್ರಾಂಶ ಬೆಳೆಸಿ ಎಂದು ಯಾವುದೋ ದೊಡ್ಡ ಕಂಪನಿ ದುಡ್ಡು ಕೊಡುತ್ತೇನೆಂದಿತು. ನೀವು ಒಂದೊಂದು ಸೌಲಭ್ಯಕ್ಕೂ ಒಂದೊಂದು ಬೆಲೆ ಹಚ್ಚಿ, ಮೊದಲು ಬರೆದುಕೊಟ್ಟವರಿಗೆ ಹಣ ಎಂದು ಸಾರಿದಿರಿ. ದುಡ್ಡಿನ ಮೇಲೆ ನನಗೇನೂ ಮುನಿಸಿಲ್ಲ. ಟೀಚರ್‌ಗೆ ಬರುವ ಸಂಬಳ ಸಾಲದು, ಅವಳಿಗೆ ನಾಲ್ಕು ಕಾಸು ಸಿಕ್ಕರೆ ನನ್ನ ಗಂಟೇನು ಹೋಗಬೇಕು? ಆದರೆ ನೀವು ಬೆಲೆ ಕಟ್ಟಿದ್ದು ಬರೆಯುವುದಕ್ಕೆ ಮಾತ್ರ. ಪರದೆ ಆರಿಸಿ ಕೂರುವುದಕ್ಕೆ ದರವಿರಲಿಲ್ಲ, ಹಾಗಾಗಿ ಅದು ದಂಡದ ಕೆಲಸವಾಯಿತು. ಒಬ್ಬರ ತಪ್ಪು ಒಬ್ಬರು ತಿದ್ದುತ್ತಿದ್ದವರು, ಎಲ್ಲಿ ಬೇರೆಯವರು ಮೊದಲು ಕೊಟ್ಟುಬಿಡುತ್ತಾರೋ ಎಂದು ಬರೆಯುತ್ತಿರುವುದನ್ನೇ ಬಚ್ಚಿಡತೊಡಗಿದರು. ಥೂ, ಎಂಥ ಹೇಸಿಗೆ! ಹಾಗೆ ಕೂತು ನೋಡುವುದಕ್ಕೂ ಒಂದು ದರ ಇಡುತ್ತೇನೆ ಎಂದು ನೀವು ದೊಡ್ಡಪ್ಪನಿಗೆ ಹೇಳಿದಾಗ ಅವರು, "ಬೇಡಪ್ಪಾ, ನಾಳೆಯಿಂದ ನಾನೂ ಬೇಗ ಬೇಗ ನೋಡೋದು ಕಲ್ತುಬಿಡ್ತೀನಿ" ಎಂದು ಗುಂಪು ಬಿಟ್ಟು ಹೊರಟೇ ಹೋದರು. ಹಳೇ ಕಾಲದವರು ಎಂದು ನೀವು ನಕ್ಕಿರಿ.

ಕಳೆದ ವಾರ ಹೊರಬಿತ್ತಲ್ಲ, ಬಂದ ಸಂದೇಶವನ್ನು ತಾನಾಗಿಯೇ ಓದುವ ಸೌಲಭ್ಯ, ನಿಮ್ಮ ಪಟ್ಟಿಯಲ್ಲೇ ಎಲ್ಲಕ್ಕಿಂತ ದುಬಾರಿಯದು. ಬರೆದವನು ಹಣ ಜೇಬಿಗಿಳಿಸಿದ. ಇಯರ್‌ಫೋನ್ ಹಾಕಿಕೊಂಡಿದ್ದರೂ ಧ್ವನಿ ಸ್ಪೀಕರಿಗೆ ಹೋಗುತ್ತದೆಂಬುದನ್ನು ಯಾರೂ ನೋಡಲಿಲ್ಲ. ನೀರಿನ ಕಚೇರಿಯ ವಿಚಾರಣೆ ಕೌಂಟರಿನಲ್ಲಿ ಅಕ್ಕ ಎಂದಿನಂತೆ ಕೂತಿದ್ದಳು. ಎದುರಿಗೆ ಬಿಲ್ ಹಿಡಿದವರ ಸಾಲು. ಆಗ ಡಾಕ್ಟರ್ ಕಳಿಸಿದ ಸಂದೇಶ ಬಂತು: ಎದೆಯ ಗಂಟಿನ ವರದಿ ಚೆನ್ನಾಗಿಲ್ಲ, ಆಪರೇಷನ್ ಆಗಬೇಕು, ಮನೆಯವರನ್ನು ಕರೆತನ್ನಿ. ನೀವೇ ಆರಿಸಿದ ಆ ನಯವಾದ ಧ್ವನಿ ಇದನ್ನು ಇಡೀ ಸಾಲಿಗೆ ಕೇಳುವಂತೆ ಓದಿತು. ಅಕ್ಕನಿಗೆ ಗೊತ್ತಾದದ್ದೂ ಆಗಲೇ. ನಿಲ್ಲಿಸುವ ಕೀಲಿ ಒತ್ತಿದರೆ ಮತ್ತೆ ಮೊದಲಿನಿಂದ ಶುರುವಾಯಿತಂತೆ. ಸಾಲಿನಲ್ಲಿ ಯಾರೋ "ಅಯ್ಯೋ ಪಾಪ" ಎಂದರಂತೆ. ಅವಳು ಮುಂದಿನವರ ಬಿಲ್ ನಂಬರ್ ಕೇಳಿದಳು.

ತಪ್ಪು ಯಾರ ಕೈಯಲ್ಲಾದರೂ ಆಗುತ್ತದೆ, ಅದನ್ನು ನುಂಗಿಕೊಳ್ಳಬಹುದಿತ್ತು. ಮನೆಗೆ ಬಂದು ಎಲ್ಲವನ್ನೂ ಹೇಳಿದವಳಿಗೆ ನೀವು ಮೊದಲು ಅಂದದ್ದೇನು? "ಅಯ್ಯೋ, ಅದಕ್ಕೀಗ್ಲೇ ಒಂದು ಬೆಲೆ ಇಡ್ತೀನಿ, ಬೆಳಗಾಗೋದ್ರೊಳಗೆ ಯಾರಾದ್ರೂ ಸರಿ ಮಾಡ್ತಾರೆ." ಗಂಟಿನ ವಿಷಯ ನಿಮ್ಮ ಬಾಯಿಗೆ ಬಂದದ್ದು ಆಮೇಲೆ. ಯಾರೋ ಸರಿ ಮಾಡಿಯೂ ಕೊಟ್ಟರು. "ಹಾಕ್ಕೋ, ಸರಿ ಹೋಗಿದೆ" ಎಂದಿರಿ. "ನೀವು ಕೂತು ನೋಡಿದ್ರಾ?" ಎಂದು ಅವಳು ಕೇಳಿದ್ದಕ್ಕೆ, "ದುಡ್ಡು ಕೊಟ್ಟಾಯ್ತಲ್ಲೇ" ಅಂದಿರಂತೆ. ಆ ಮಾತು ಕೇಳಿಯೇ ಅವಳು ಬಟ್ಟೆ ತುಂಬಿಕೊಂಡದ್ದು.

ನಿನ್ನೆ ಫೋನಿನಲ್ಲಿ ಮತ್ತದೇ ರಾಗ ತೆಗೆದಿರಿ. "ಆಪರೇಷನ್‌ಗೆ ಒಳ್ಳೇ ನರ್ಸ್ ಗೊತ್ತು ಮಾಡ್ತೀನಿ, ಪಕ್ಕದಲ್ಲೇ ಕೂತಿರ್ತಾಳೆ, ಎಷ್ಟಾದ್ರೂ ಆಗ್ಲಿ." ಇದನ್ನು ಅಕ್ಕನಿಗೆ ಹೇಳಿದೆ. ಅವಳು, "ಬೇಡ ಅನ್ನು. ಹೆದರಿಕೆ ಆದ್ರೆ ಕೈ ಹಿಡ್ಕೊಳ್ಳೋಕೆ ನೀನೇ ಬಾ" ಎಂದಳು. ಹೆದರಿಕೆ ಎನ್ನುವ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಇದೇ ಮೊದಲು.

ಸೋಮವಾರ ಬೆಳಿಗ್ಗೆ ಆಪರೇಷನ್. ನಾನು ಹೋಗುತ್ತೇನೆ. ಆಸ್ಪತ್ರೆ ಎಲ್ಲಿದೆಯೆಂದು ನಿಮಗೆ ಗೊತ್ತು. ನಿಮ್ಮನ್ನು ಕರೆ ಎಂದು ಅವಳು ಹೇಳಿಲ್ಲ, ಬರುವುದು ಬೇಡ ಎಂದೂ ಹೇಳಿಲ್ಲ. ನಿಮ್ಮ ಬದಲಿಗೆ ಬೇರೆ ಯಾರನ್ನಾದರೂ ಕಳಿಸಿದರೆ ಮಾತ್ರ ಬಾಗಿಲಲ್ಲೇ ತಿರುಗಿಸಿ ಕಳಿಸುತ್ತೇನೆ.

ನಿಮಗೆ ಒಳ್ಳೆಯದಾಗಲಿ ಎಂದು ಬರೆಯಲು ಕೈ ಬರುತ್ತಿಲ್ಲ. ಅಕ್ಕನಿಗೆ ಒಳ್ಳೆಯದಾಗಲಿ.

ಇನ್ನೂ ನಿಮ್ಮನ್ನು ಭಾವ ಎನ್ನುತ್ತಿರುವ,
ನಿಮ್ಮ ಹೆಂಡತಿಯ ತಂಗಿ