ಮಾಂಡುವಿನಲ್ಲಿ ನಡೆದ ನಿನ್ನ ಮದುವೆ

ಸಿಂಗಾನಲ್ಲೂರು
11-2-1986

ನನ್ನ ಕಣ್ಣು ಪೆರಿಯನಾಯಕಿಗೆ,

ನಿನ್ನ ಅವ್ವ ಮನಸಾರೆ ಹರಸಿ ಬರೆಯುವುದು. ನೀನೂ ಅಳಿಯ ನಟರಾಜನ್ ಅವರೂ ಧಾರಾಪುರಂನಲ್ಲಿ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಪೊಂಗಲ್‌ಗೆ ಮೊದಲೇ ಪಕ್ಕದ ಮನೆ ಕುಪ್ಪಮ್ಮನ ವಿಳಾಸಕ್ಕೆ ನಿನ್ನ ಕಾಗದ ಬಂತು. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಬರೆಯಲು ಕುಳಿತು ಎರಡು ಸಲ ಹರಿದು ಹಾಕಿದೆ. ಯಾರಾದರೂ ಓದಿಬಿಡುತ್ತಾರೆಂಬ ಹೆದರಿಕೆಯಿಂದಲ್ಲ. ತಮಿಳು ಸೀಮೆಯ ಈ ಮನೆಯಲ್ಲಿ ಕನ್ನಡ ಅಕ್ಷರ ಬಲ್ಲವರು ಕೊಳ್ಳೇಗಾಲದಲ್ಲಿ ಹುಟ್ಟಿದ ನಾನು, ನನ್ನಿಂದ ಕಲಿತ ನೀನು, ಇಬ್ಬರೇ. ಆದರೆ ಈಚೆಗೆ ನನಗೆ ಕುಳಿತರೆ ಏಳಬೇಕೆನಿಸುತ್ತದೆ, ಎದ್ದರೆ ಯಾಕೆ ಎದ್ದೆನೆಂದು ಮರೆತುಹೋಗುತ್ತದೆ.

ನಾವು ಊರಲ್ಲಿರಲಿಲ್ಲ ನಾಯಕಿ. ನಿನ್ನ ಅವ್ವ ಮಧ್ಯಪ್ರದೇಶಕ್ಕೆ ಹೋಗಿ ಬಂದಳು ಅಂದರೆ ನಂಬುತ್ತೀಯಾ? ಮಾಂಡು ಎಂಬ ಊರು, ಬೆಟ್ಟದ ಮೇಲೆ. ಹಿಂದೆ ಸುಲ್ತಾನರು ಆಳುತ್ತಿದ್ದರಂತೆ. ಈಗ ಹಳೇ ಅರಮನೆಗಳು, ಕೆರೆಗಳು, ಆನೆ ಕಾಲಿನಂತೆ ಬುಡ ಊದಿದ ಮರಗಳು. ಚಳಿಗಾಲದಲ್ಲಿ ಅಲ್ಲೊಂದು ಉತ್ಸವ ನಡೆಸಿದರು. ಬೇರೆ ಬೇರೆ ಸೀಮೆಯ ನೇಕಾರರು ಜನರ ಕಣ್ಣೆದುರೇ ನೇಯ್ದು ತೋರಿಸಬೇಕು. ನಮ್ಮ ಸಂಘದಿಂದ ನಿಮ್ಮಪ್ಪನನ್ನು ಕಳಿಸಿದರು. ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡಲು ನಾನೂ ಹೊರಟೆ.

ಎಂಥ ಚಳಿ! ನಿಮ್ಮಪ್ಪ ಕಿವಿ ಮುಚ್ಚುವ ಉಣ್ಣೆ ಟೋಪಿ ಹಾಕಿಕೊಂಡು ಮಗ್ಗದ ಮುಂದೆ ಕುಳಿತರೆ ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ನಮ್ಮ ಡೇರೆಗೆ ಒಬ್ಬ ಮೈಸೂರಮ್ಮ ಬಂದರು. ಗಂಡನಿಗೆ ಇಂದೋರಿನಲ್ಲಿ ಕೆಲಸ. ನಾವು ಗಂಡ ಹೆಂಡತಿ ಮಾತಾಡಿಕೊಳ್ಳುವುದು ಕಿವಿಗೆ ಬಿದ್ದು, "ಅಯ್ಯೋ, ಕನ್ನಡದವರಾ ನೀವು!" ಅಂತ ನನ್ನ ಪಕ್ಕದಲ್ಲೇ ಜಮಖಾನದ ಮೇಲೆ ಕುಳಿತುಬಿಟ್ಟರು. ಊರು, ಮನೆ, ಎಲ್ಲ ವಿಚಾರಿಸಿದರು. ಆಮೇಲೆ, "ಮಕ್ಕಳೆಷ್ಟು ಯಜಮಾನ್ರೇ?" ಎಂದರು.

ನನ್ನ ಕೈ ನಿಂತಿತು. ನೀನು ಹೋದಾಗಿನಿಂದ ಈ ಪ್ರಶ್ನೆಗೆ ನಿಮ್ಮಪ್ಪನ ಉತ್ತರ ಇಬ್ಬರೇ ಎಂದು ನಿನಗೂ ಗೊತ್ತು.

"ಮೂವರು ಅಮ್ಮಾ," ಅಂದರು ನಿಮ್ಮಪ್ಪ. "ದೊಡ್ಡವಳು ಪೆರಿಯನಾಯಕಿ, ನಮ್ಮವ್ವನ ಪೇರು. ಧಾರಾಪುರಕ್ಕೆ ಕೊಟ್ಟಿದೀವಿ. ಮಾಪಿಳ್ಳೆ, ಅಳಿಯ, ಬಸ್ ಕಂಡಕ್ಟರು. ತಂಗಮಾನ ಹುಡುಗ, ಚಿನ್ನದಂಥವನು."

ಕೊಟ್ಟಿದೀವಿ ಅಂದರು, ನಾಯಕಿ. ಬೇರೆ ಜಾತಿಯವನ ಹಿಂದೆ ಓಡಿಹೋದಳು ಎಂದು ನಿನ್ನ ಬಟ್ಟೆಬರೆಯನ್ನೆಲ್ಲ ಬೀದಿಗೆ ಹಾಕಿದವರು.

"ಮದುವೆ ಜೋರಾಗಿ ಮಾಡಿದ್ರಾ?" ಎಂದರು ಆಯಮ್ಮ. ನಿಮ್ಮಪ್ಪ ಲಾಳಿ ಕೆಳಗಿಟ್ಟರು. ನಮ್ಮ ಬೀದಿಗೆ ಬೀದಿಯೇ ಪಂದಲ್ ಹಾಕಿದ್ದು, ಧಾರಾಪುರಂನಿಂದ ಬೀಗರು ಬಸ್ಸು ಮಾಡಿಕೊಂಡು ಬಂದಿಳಿದದ್ದು, ತಾಳಿ ಕಟ್ಟುವ ಹೊತ್ತಿಗೆ ಕಾಫಿ ಕುಡಿಯಲು ಹೋಗಿದ್ದ ನಾದಸ್ವರದವನನ್ನು ನಿನ್ನ ತಮ್ಮ ದಂಡಪಾಣಿ ಎಳೆದುಕೊಂಡು ಬಂದದ್ದು, ಎಲ್ಲ ಹೇಳಿದರು. ಆಯಮ್ಮ ಬಿದ್ದು ಬಿದ್ದು ನಕ್ಕರು. ಕೊನೆಗೆ ನನ್ನ ಕಡೆ ತಿರುಗಿ, "ಮಗಳಿಗೆ ಯಾವ ಸೀರೆ ಉಡಿಸಿದ್ರಿ?" ಎಂದು ಕೇಳಿದರು. "ಅರಗಿನ ಕೆಂಪು ಬಣ್ಣದ್ದು. ಇವರೇ ನೇಯ್ದದ್ದು," ಎಂದೆ. ನನ್ನ ಬಾಯಿಂದ ಅದು ಹೇಗೆ ಬಂತೋ ತಿಳಿಯದು. ನಿಮ್ಮಪ್ಪ ನನ್ನ ಮುಖ ನೋಡಲಿಲ್ಲ. "ಬಾರ್ಡರು ಹಸಿರು," ಎಂದು ಸೇರಿಸಿದರು.

ಉತ್ಸವ ಮುಗಿಯುವವರೆಗೂ ನಾವು ಮಗಳನ್ನು ಧಾರೆ ಎರೆದು ಕೊಟ್ಟ ಅಪ್ಪ ಅವ್ವನೇ ಆಗಿದ್ದೆವು. ಸಂಜೆ ಕೆರೆಯಂಚಿನ ಅರಮನೆಗೆ ದೀಪ ಹಾಕಿ ಹಾಡು, ಕುಣಿತ ನಡೆಸುತ್ತಿದ್ದರು. ಅರ್ಥವಾಗದ ಹಾಡಿಗೆ ನಿಮ್ಮಪ್ಪ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಆ ಮನುಷ್ಯನನ್ನು ನಾನು ಎಷ್ಟೋ ಕಾಲದ ಮೇಲೆ ನೋಡಿದೆ.

ಬರುವಾಗ ರೈಲಿನಲ್ಲಿ ಧೈರ್ಯ ಮಾಡಿ ಕೇಳಿದೆ, "ಧಾರಾಪುರಕ್ಕೆ ಒಂದ್ ದಪ ಹೋಗಿಬರೋಣವಾ?"

"ಅಲ್ಲಿ ಯಾರಿದಾರೆ ನಮಗೆ?" ಅಂದರು. ಟೋಪಿ ತೆಗೆದು ಚೀಲಕ್ಕೆ ತುರುಕಿ, ಕಿಟಕಿ ಕಡೆ ತಿರುಗಿ ಮಲಗಿದರು.

ಇಲ್ಲಿ ಎಲ್ಲ ಮೊದಲಿನಂತೆಯೇ ಇದೆ. ದಂಡಪಾಣಿಗೆ ಮಿಲ್ಲಿನಲ್ಲಿ ಕೆಲಸ ಕಾಯಂ ಆಗುವಂತಿದೆ. ತಂಗಿ ಕನ್ನಿಯಮ್ಮಾಳ್‌ಗೆ ಅನ್ನೂರಿನಿಂದ ಒಂದು ಸಂಬಂಧ ಬಂದಿತ್ತು. ಚಳಿಯಲ್ಲಿ ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಲ್ಲಿ ಓಡಾಡಬೇಡ, ನಿನಗೆ ಮೊದಲೇ ನೆಗಡಿಯ ಮೈ. ಚೌಡೇಶ್ವರಿ ನಿಮ್ಮಿಬ್ಬರನ್ನೂ ತಂಪಾಗಿ ಇಟ್ಟಿರಲಿ.

ಇತಿ, ನಿನ್ನ ಅವ್ವ
ಪೊನ್ನಮ್ಮ

ಮತ್ತೆ: ಕಾಗದ ಮಡಿಸಿದ್ದವಳು ಬಿಚ್ಚಿದೆ. ಅನ್ನೂರಿನವರು ಹೋದ ಭಾನುವಾರ ಬಂದಿದ್ದರು. ಹುಡುಗಿ ಅವರಿಗೆ ಒಪ್ಪಿಗೆಯಾಗಿದ್ದಳು. ಹುಡುಗನ ಅಪ್ಪ ಬೆಳ್ಳಿಯಪ್ಪ, "ನಿಮಗೆ ಮಕ್ಕಳೆಷ್ಟು?" ಎಂದರು. ನಿಮ್ಮಪ್ಪ ಎಲೆ ಅಡಿಕೆ ತಟ್ಟೆ ಅವರ ಮುಂದೆ ಸರಿಸುತ್ತ, "ಇಬ್ಬರು," ಎಂದರು. ನಾನು ಕಾಫಿ ಹಿಡಿದು ನಿಂತಿದ್ದೆ. "ಮೂವರು," ಅಂದುಬಿಟ್ಟೆ. "ದೊಡ್ಡವಳು ಧಾರಾಪುರದಲ್ಲಿದಾಳೆ. ತಾನೇ ಮೆಚ್ಚಿ ಮದುವೆಯಾದಳು."

ಅವರು ಕೆಟ್ಟ ಮಾತೇನೂ ಆಡಲಿಲ್ಲ. ಕಾಫಿ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಆಮೇಲೆ ಸುದ್ದಿಯಿಲ್ಲ. ಆ ಹುಡುಗ ಕನ್ನಿಯಮ್ಮಾಳ್‌ಗೆ ಹಿಡಿಸಿದ್ದನಂತೆ, ಕುಪ್ಪಮ್ಮ ಹೇಳಿದಳು. ನನಗೆ ತಿಳಿದೇ ಇರಲಿಲ್ಲ. ಈಗ ನಿನ್ನ ತಂಗಿ ನಾನು ಬಡಿಸಿದ್ದನ್ನು ಉಣ್ಣುವುದಿಲ್ಲ. ನಿನ್ನನ್ನು ಮನೆಯ ಲೆಕ್ಕಕ್ಕೆ ಸೇರಿಸಲು ಹೋಗಿ ಇವಳನ್ನು ಕಳೆದುಕೊಂಡೆನಾ? ಹೇಳು.

ನಿಮ್ಮಪ್ಪ ಬೈಯಲಿಲ್ಲ. ಅವರೆಲ್ಲ ಹೋದ ಮೇಲೆ ಬಾಗಿಲಲ್ಲೇ ನಿಂತು, "ಅಲ್ಲಿ ಬೆಟ್ಟದ ಮೇಲೆ ಅಷ್ಟೆಲ್ಲ ಹೇಳಿದ್ನಲ್ಲ, ಸಾಲದಾ ನಿಂಗೆ?" ಎಂದು ಕೇಳಿದರು.

"ಸಾಲದು," ಎಂದೆ. ಅಂದಿನಿಂದ ಅವರು ಮಗ್ಗದ ಗುಂಡಿಗೆ ಇಳಿದಿಲ್ಲ.