ಚರಂಡಿಗೆ ಬಿಡದ ನೀರು

ಏಪ್ರಿಲ್ 9, ಮಂಗಳವಾರ

ಆ ಅರ್ಧ ಗಂಟೆ ತಲೆಯಿಂದ ಇಳಿಯುತ್ತಲೇ ಇಲ್ಲ.

ಒಡೆದ ಪೈಪು ಜೋಡಿಸಿದ ಮೇಲೆ ಮೊದಲ ಅರ್ಧ ಗಂಟೆಯ ನೀರನ್ನು ಚರಂಡಿಗೆ ಬಿಡಬೇಕು. ಒಳಗೆ ಸೇರಿದ ಮಣ್ಣು, ಕೊಳೆ ಎಲ್ಲ ತೊಳೆದುಹೋಗಬೇಕು. ನೀರು ಸರಬರಾಜಿನ ಕೆಲಸಕ್ಕೆ ಬರುವ ಹೊಸಬರಿಗೆ ಇದನ್ನು ಹೇಳಿಕೊಡುವವನೇ ನಾನು. ಶುಕ್ರವಾರ ಬಿಟ್ಟಿದ್ದು ಬರೀ ಹತ್ತು ನಿಮಿಷ. ಮೂರು ದಿನದಿಂದ ಹನಿ ನೀರು ಕಾಣದ ನಮ್ಮ ಬೀದಿ ಕೊಡ ಹಿಡಿದು ನಿಂತಿತ್ತು.

"ನಮ್ ಕಣ್ಣೆದುರಿಗೇ ಚರಂಡಿಗೆ ಸುರೀತಿದ್ಯಲ್ಲಪ್ಪಾ, ಕರುಳು ಅನ್ನೋದಿದ್ಯಾ ನಿಂಗೆ?" ಎಂದಳು ಕೊನೆಮನೆ ಅಜ್ಜಿ.

ಚರಂಡಿಯ ವಾಲ್ವ್ ಮುಚ್ಚಿ ನಲ್ಲಿಗಳಿಗೆ ಬಿಟ್ಟುಬಿಟ್ಟೆ. ಎರಡು ದಿನ ಕಾಯಿಸಿ ಕುಡಿಯಿರಿ ಎಂದು ಮನೆಮನೆಗೂ ಹೋಗಿ ಹೇಳಿದೆ. ನಮ್ಮ ಮನೆಯಲ್ಲೂ ಹೇಳಿದೆ.

ಬೀದಿಯವರೆಲ್ಲ ಕಾಯಿಸಿದ್ದಾರೆ. ಕಾಯಿಸದವಳು ಅಮ್ಮ ಒಬ್ಬಳೇ. ದೀಪದ ಬುಡದಲ್ಲೇ ಕತ್ತಲು. ವಾಂತಿ ಭೇದಿಯಾಗಿ ನಾಲ್ಕೇ ದಿನಕ್ಕೆ ಹಿಡಿಯಷ್ಟಾಗಿದ್ದಾಳೆ. ಬೆಳಗಿನವರೆಗೆ ಏನೂ ಹೇಳಲಾಗದು ಎನ್ನುತ್ತಾರೆ ಡಾಕ್ಟರು.

ಸಂಜೆ ಆಸ್ಪತ್ರೆಯಲ್ಲಿ ಅವಳ ಮೇಲೆಯೇ ರೇಗಿಬಿಟ್ಟೆ. ನಾಚಿಕೆಗೆಟ್ಟವನು ನಾನು.

"ಬಾಯಿ ಬಡ್ಕೊಂಡೆನಲ್ಲಮ್ಮಾ, ಕಾಯಿಸು ಅಂತ!"

"ಬೇರೆ ಯಾರಾದ್ರೂ ಬಿಟ್ಟಿದ್ರೆ ಕಾಯಿಸ್ತಿದ್ದೆ ಕಣೋ. ನೀನು ಬಿಟ್ಟಿದ್ದಲ್ವಾ?"

ಬಾಟಲಿ ನೀರು ತುಟಿಗೆ ಹಿಡಿದರೆ ಮುಖ ತಿರುಗಿಸಿದಳು. ಅದು ಸಪ್ಪೆಯಂತೆ. ನಮ್ಮನೆ ನಲ್ಲಿಯದೇ ಬೇಕಂತೆ.

ತರುತ್ತೇನೆ ಎಂದು ಬಂದೆ. ನಲ್ಲಿಯಿಂದ ಹಿಡಿದು ಒಲೆಯ ಮೇಲಿಟ್ಟು ಇದನ್ನು ಬರೆಯುತ್ತಾ ಕೂತಿದ್ದೇನೆ. ಅರ್ಧ ಗಂಟೆಯಿಂದ ಕುದಿಯುತ್ತಿದೆ. ಪಾತ್ರೆಯ ನೀರು ತಳ ಕಾಣುವಷ್ಟಾಗಿದೆ. ಇಳಿಸಲು ಕೈ ಬರುತ್ತಿಲ್ಲ.