ಹುಬ್ಬೆತ್ತಿದ ಡ್ರೈವರ್

ಜೂನ್ 3, ಸೋಮವಾರ

ಇವತ್ತೂ ಬೊಗಳಿತು. ಬೆಳಗಿನ ಮೊದಲ ಟ್ರಿಪ್ಪಿನಲ್ಲೇ, ಬಸ್ ತುಂಬ ಜನ ಇರುವಾಗ. "ಚಾಲಕರೇ, ನಿದ್ರಿಸಬೇಡಿ. ಎಚ್ಚರವಾಗಿರಿ."

ಸ್ಟೇರಿಂಗ್ ಎದುರು ಈ ಡಬ್ಬಿ ಕೂರಿಸಿದಾಗಿನಿಂದ ಇದೇ ಗೋಳು. ಒಳಗೊಂದು ಕ್ಯಾಮೆರಾ, ನನ್ನ ಮುಖವನ್ನೇ ನೋಡುತ್ತಿರುತ್ತದೆ. ರೆಪ್ಪೆ ಇಳಿದರೆ ನಿದ್ದೆ ಅಂತ ಅದರ ಲೆಕ್ಕ. ನನ್ನ ರೆಪ್ಪೆ ಹುಟ್ಟಿದಾಗಿನಿಂದ ಇಳಿದೇ ಇದೆ! ನಮ್ಮಪ್ಪನದೂ ಹಾಗೇ ಇತ್ತು, ಮಗಳದೂ ಹಾಗೇ. ಡಿಪೋದಲ್ಲಿ ನನ್ನನ್ನು ಕರೆಯುವುದೇ ಅರೆಗಣ್ಣ ಅಂತ. ಆದರೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓಡಿಸುವವನು ನಾನು. ಅದನ್ನು ಡಬ್ಬಿಗೆ ಹೇಳುವವರು ಯಾರು?

ಮುಂದಿನ ಸೀಟಿನ ಹೆಂಗಸು ಮಗುವನ್ನು ಎತ್ತಿಕೊಂಡು ದಾರಿಯಲ್ಲೇ ಇಳಿದುಬಿಟ್ಟಳು. ನನ್ನತ್ತ ನೋಡಿದ ನೋಟ... ಕುಡಿದು ಬಂದವನನ್ನು ನೋಡುವ ಹಾಗೆ. ಮೈಯೆಲ್ಲ ಉರಿಯಿತು. ಕಂಡಕ್ಟರ್‌ಗೆ ತಮಾಷೆ. ಡಬ್ಬಿಗೆ 'ಅತ್ತೆ' ಅಂತ ಹೆಸರಿಟ್ಟಿದ್ದಾನೆ. ಅವನ ಅತ್ತೆಯೂ ಹೀಗೇ ಅಂತೆ, ಕೂತರೂ ತಪ್ಪು, ನಿಂತರೂ ತಪ್ಪು.

ಜೂನ್ 5

ಮ್ಯಾನೇಜರ್ ಕರೆದರು. ಕುರ್ಚಿ ಕೊಟ್ಟರು, ಟೀ ತರಿಸಿದರು. ಆಗಲೇ ಅನುಮಾನ ಬಂತು. ಡಬ್ಬಿ ಬೊಗಳಿದ್ದೆಲ್ಲ ಹೆಡ್ಡಾಫೀಸಿನ ಕಂಪ್ಯೂಟರಿಗೆ ಹೋಗುತ್ತದಂತೆ. ಅಲ್ಲಿ ನನ್ನ ಹೆಸರು ಕೆಂಪು. ತಿಂಗಳ ಕೊನೆಗೂ ಕೆಂಪಾಗೇ ಇದ್ದರೆ ರಸ್ತೆಯಿಂದ ಇಳಿಸಿ ಯಾರ್ಡಿಗೆ — ಬಸ್ ತೊಳೆಯುವ ಕೆಲಸಕ್ಕೆ.

"ಸರ್, ಇಷ್ಟು ವರ್ಷದಲ್ಲಿ ನನ್ನ ಗಾಡಿಗೆ ಒಂದು ಗೀರು ಬಿದ್ದಿದೆಯಾ?"

"ಬಿದ್ದಿಲ್ಲ ಅಂತ ನಂಗೆ ಗೊತ್ತು. ಅದಕ್ಕೆ ಗೊತ್ತಿಲ್ವಲ್ಲ."

ಹಾಗಾದರೆ ಅದಕ್ಕೆ ಹೇಳಿ ಅಂದೆ. ಡಬ್ಬಿ ಮಾಡಿದ ಕಂಪನಿಗೆ ಮೇಲ್ ಹಾಕಿದ್ದಾರಂತೆ. ಅದಕ್ಕೆ ಇನ್ನೊಂದು ಮಷೀನು ಉತ್ತರ ಕೊಟ್ಟಿದೆ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಅಂತ. ಥೂ. ಬ್ಯಾಂಕಿನಲ್ಲಿ ಮಷೀನಿಗೆ ಮುಖ ತೋರಿಸು, ಫೋನಿಗೆ ಮುಖ ತೋರಿಸು, ಈಗ ಡ್ಯೂಟಿಯಲ್ಲೂ. ಮುಖ ನೋಡಿ ಮಾತಾಡುವವರು ಮಾತ್ರ ಯಾರೂ ಇಲ್ಲ. ಮ್ಯಾನೇಜರ್ ಕೂಡ ಟೇಬಲ್ ನೋಡುತ್ತಲೇ ಹೇಳಿದರು, ಸ್ವಲ್ಪ ಕಣ್ಣು ದೊಡ್ಡದು ಮಾಡಿಕೊಂಡು ಓಡಿಸಿ ನೋಡಿ ಅಂತ.

ಜೂನ್ 6

ಕನ್ನಡಿ ಮುಂದೆ ಪ್ರಾಕ್ಟೀಸು. ಈ ವಯಸ್ಸಿಗೆ! ಮಗಳೇ ಕೋಚ್. ಓದುವುದು ಮೂರನೇ ಕ್ಲಾಸು, ಬಾಯಿ ಮಾತ್ರ ಊರಗಲ. ರೆಪ್ಪೆ ಎತ್ತಬೇಡ, ಹುಬ್ಬು ಎತ್ತು, ರೆಪ್ಪೆ ತಾನೇ ಬರುತ್ತೆ ಅಂದಳು. ಮಾಡಿಯೂ ತೋರಿಸಿದಳು. ಸರಿಯಾಗೇ ಹೇಳಿದ್ದಾಳೆ, ಕಳ್ಳಿ. ಹೆಂಡತಿ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಸುಳ್ಳು ಯಾಕೆ, ನನಗೂ ನಗು ಬಂತು.

ಜೂನ್ 14

ಒಂದು ವಾರದಿಂದ ಅತ್ತೆ ಬಾಯಿ ಬಿಟ್ಟಿಲ್ಲ. ನನ್ನ ಹೆಸರು ಹಸಿರಾಗಿದೆಯಂತೆ. ನಾನು ಮಾತ್ರ ಲಾಟರಿ ಹೊಡೆದವನ ಹಾಗೆ ದಿನವಿಡೀ ಹುಬ್ಬೆತ್ತಿಕೊಂಡು ಕೂತಿರುತ್ತೇನೆ. ಹಣೆ ಸಿಡಿಯುತ್ತದೆ. ಕಣ್ಣಲ್ಲಿ ಒಂದೇ ಸಮ ನೀರು.

ಆ ನೀರಿನಿಂದಲೇ ಇವತ್ತು... ಮಾರ್ಕೆಟ್ ತಿರುವಿನಲ್ಲಿ ಎಲ್ಲ ಮಂಜು ಮಂಜು. ಸೈಕಲ್ಲಿನವನು ಕಂಡಿದ್ದು ತೀರಾ ಹತ್ತಿರ ಬಂದ ಮೇಲೆ. ಬ್ರೇಕ್ ಒತ್ತಿದೆ. ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಸೈಕಲ್ಲಿನವನು ಬಾಯಿಗೆ ಬಂದ ಹಾಗೆ ಬೈದು ಹೋದ. ಬೈಯಲಿ ಪಾಪ, ಜೀವ ಉಳಿಯಿತಲ್ಲ. ನನ್ನ ಸರ್ವೀಸಿನಲ್ಲಿ ಇದೇ ಮೊದಲು.

ಡಬ್ಬಿ? ತುಟಿ ಪಿಟಕ್ ಎನ್ನಲಿಲ್ಲ. ಕಣ್ಣು ಅಗಲವಾಗಿ ತೆರೆದಿತ್ತಲ್ಲ, ಅದಕ್ಕೆ ಅಷ್ಟೇ ಸಾಕು. ಕಿತ್ತು ಬಿಸಾಕಬೇಕು ಅನ್ನಿಸಿತು.

ಜೂನ್ 19

ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ದೃಷ್ಟಿ ಚೆನ್ನಾಗಿದೆ, ರೆಪ್ಪೆಯಿಂದ ತೊಂದರೆ ಏನಿಲ್ಲ, ಯಾಕೆ ಬಂದಿರಿ ಅಂದರು. ಹೇಳಿದೆ. ಆಪರೇಷನ್ ಮಾಡಿ ರೆಪ್ಪೆ ಎತ್ತಬಹುದು ಅಂದರು. ಬರುವ ಬುಧವಾರಕ್ಕೆ ಹೂಂ ಅಂದು ಬಂದೆ. ಇನ್ನೇನು ಮಾಡಲಿ? ಸ್ಟೇರಿಂಗ್ ಬಿಟ್ಟು ಯಾರ್ಡಿನಲ್ಲಿ ಪೈಪ್ ಹಿಡಿದು ನಿಲ್ಲಲು ನನ್ನ ಕೈಲಾಗದು.

ಹೆಂಡತಿ ಮುಖ ಊದಿಸಿಕೊಂಡಿದ್ದಾಳೆ. ಅವಳು ನನ್ನನ್ನು ಒಪ್ಪಿದ್ದೇ ಈ ಕಣ್ಣು ನೋಡಿ ಅಂತೆ. ಇಷ್ಟು ವರ್ಷ ಬಿಟ್ಟು ಈಗ ಹೇಳುತ್ತಾಳೆ!

ಜೂನ್ 24

ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚುತ್ತಿದ್ದೆ. ಮಗಳು ಪಕ್ಕದಲ್ಲಿ ಬಂದು ಕೂತಳು.

"ಅಪ್ಪ, ನಂದೂ ಅವತ್ತೇ ಮಾಡಿಸ್ಬಿಡು."

ಏನು ಅಂದೆ. ಕಣ್ಣು ಅಂದಳು. ದೊಡ್ಡವಳಾದ ಮೇಲೆ ಅವಳೂ ಬಸ್ ಓಡಿಸುತ್ತಾಳಂತೆ, ಆಗ ಡಬ್ಬಿ ಬೈಯಬಾರದಲ್ಲ. ಹುಚ್ಚಿ, ನಿನ್ನ ಕಣ್ಣು ಸರಿಯಾಗೇ ಇದೆ ಅಂದೆ.

"ನಿಂದೂ ಸರಿಯಾಗೇ ಇತ್ತಲ್ಲ?"

ಹುಬ್ಬೆತ್ತಿಕೊಂಡೇ ನನ್ನನ್ನು ನೋಡುತ್ತಿದ್ದಳು. ಸ್ಕೂಲಿನಲ್ಲೂ ಹಾಗೇ ಇರುತ್ತಾಳಂತೆ. ತಲೆನೋವಾ ಅಂತ ಟೀಚರ್ ಕೇಳಿದರಂತೆ. ಅವಳ ಹಣೆ ಸವರಿ ಹುಬ್ಬು ಕೆಳಗಿಳಿಸಿದೆ. ಮತ್ತೆ ಎತ್ತಿದಳು.

ಜೂನ್ 26, ಬುಧವಾರ

ಆಪರೇಷನ್ನಿಗೆ ಹೋಗಲಿಲ್ಲ. ಡ್ಯೂಟಿಗೆ ಹೋದೆ. ಮಗಳನ್ನು ನನ್ನ ಬಸ್ಸಿನಲ್ಲೇ ಶಾಲೆಗೆ ಕರೆದುಕೊಂಡು ಹೋದೆ, ಮುಂದಿನ ಸೀಟಿನಲ್ಲಿ ಕೂರಿಸಿ. ಹುಬ್ಬು ಇಳಿಸಿಯೇ ಓಡಿಸಿದೆ. ರಸ್ತೆ ಎಷ್ಟು ಚೆನ್ನಾಗಿ ಕಂಡಿತು! ಅತ್ತೆ ಹಳೆಯ ಬಾಕಿಯನ್ನೆಲ್ಲ ಸೇರಿಸಿ ಬೊಗಳಿತು. ಪ್ರತಿ ಸಲವೂ ಜನಕ್ಕೆ ಕೇಳುವ ಹಾಗೆ ಹೇಳಿದೆ, ಎಚ್ಚರವಾಗೇ ಇದ್ದೇನೆ, ನಮ್ಮ ವಂಶದ ಕಣ್ಣೇ ಹೀಗೆ ಅಂತ. ಇಬ್ಬರು ಇಳಿದುಹೋದರು. ಉಳಿದವರು ಕೂತರು. ಶಾಲೆ ಬರುವಷ್ಟರಲ್ಲಿ ಮಗಳ ಹುಬ್ಬೂ ಇಳಿದಿತ್ತು, ಕನ್ನಡಿಯಲ್ಲಿ ನೋಡಿದೆ.

ಹೆಸರು ಮತ್ತೆ ಕೆಂಪಂತೆ. ನಾಳೆ ಹೆಡ್ಡಾಫೀಸಿಗೆ ಬರಬೇಕಂತೆ. ಅಲ್ಲಿ ಮನುಷ್ಯರು ಯಾರಾದರೂ ಸಿಕ್ಕರೆ ಎದುರಿಗೆ ನಿಂತು ಹೇಳುತ್ತೇನೆ. ಸಿಟ್ಟಿನಲ್ಲಿ ಬಾಯಿ ತಪ್ಪಬಾರದು, ಈಗಲೇ ಬರೆದುಕೊಳ್ಳುವುದು ಒಳ್ಳೆಯದು — ಸರ್, ಇದು ನಿದ್ದೆ ಅಲ್ಲ. ಈ ಕಣ್ಣು ನಮ್ಮಪ್ಪನದು. ಆಮೇಲೆ ನನ್ನದು. ಈಗ ನನ್ನ ಮಗಳದು.